ಅಟ್ಟ ಸೇರಿದ ಸರ್ವರ್

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದಕ್ಕೆ ಧೈರ್ಯ ಬೇಕು. ನನಗೆ ಅದು ಇಲ್ಲ. ಮುಂದೆ ಹೇಳಲಿರುವ ಸಂಗತಿಯನ್ನು ಓದಿ ನೀವು ನನ್ನ ಮರ್ಯಾದೆ ತೆಗೆಯುವುದಕ್ಕಿಂತ ನಾನೇ ತೆಗೆದುಕೊಳ್ಳುವುದು ವಾಸಿ ಅನ್ನಿಸಿ ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇನೆ. ತಪ್ಪು ಪೂರ್ತಿ ನನ್ನದೂ ಅಲ್ಲ, ನಾನು ಮಾಡುತ್ತಿದ್ದ ನೌಕರಿಯದು. ಮೂವತ್ತು ವರ್ಷ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತವನು ನಾನು. ಒಂದು ಸಣ್ಣ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯ ಆಚೆ ದಿನವಿಡೀ ಒಂದಾದ ಮೇಲೊಂದು ಮುಖ. "ಸಾರ್, ದಬ್ಬೇಘಟ್ಟದ ಬಸ್ ಯಾವಾಗ ಬತ್ತದೆ?" ದಬ್ಬೇಘಟ್ಟದ ಬಸ್ಸು ಹೊರಟಿದೆಯೋ, ಪಂಕ್ಚರ್ ಆಗಿ ನಿಂತಿದೆಯೋ, ಡ್ರೈವರ್ ಎಲ್ಲಾದರೂ ಊಟಕ್ಕೆ ಕೂತಿದ್ದಾನೋ, ದೇವರಾಣೆ ನನಗೆ ತಿಳಿಯುತ್ತಿರಲಿಲ್ಲ. ಆದರೂ ಬಸ್ಸುಗಳ ವೇಳೆ ಬರೆಯುವ ಪುಸ್ತಕದಿಂದ ತಲೆ ಎತ್ತದೆ "ಬರುತ್ತೆ" ಎನ್ನುತ್ತಿದ್ದೆ. ಬಸ್ಸು ಆವತ್ತಲ್ಲದಿದ್ದರೆ ಮಾರನೆಯ ದಿನವಾದರೂ ಬರುತ್ತಿತ್ತು. ಹಾಗಾಗಿ ನನ್ನ ಮಾತು ಸುಳ್ಳಾಯಿತೆಂದು ಯಾರೂ ಬರೆದುಕೊಡುವಂತಿರಲಿಲ್ಲ.

ನಿವೃತ್ತಿಯಾದ ಮೇಲೆ ತುರುವೇಕೆರೆ ರಸ್ತೆಯ ನಮ್ಮೂರಿಗೆ ಬಂದು ತೆಂಗಿನ ತೋಟ ನೋಡಿಕೊಂಡಿದ್ದೇನೆ. ತಾತನ ತೋಟ ಈಗ ಮೂರು ಭಾಗವಾಗಿದೆ. ಒಂದು ನನ್ನದು, ಒಂದು ನನ್ನ ದೊಡ್ಡಪ್ಪನ ಮಗಳು ಶಾಂತಕ್ಕನದು, ಇನ್ನೊಂದು ಕಿಬ್ಬನಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡು ಭಾನುವಾರ ಮಾತ್ರ ಬಂದುಹೋಗುವ ನನ್ನ ತಮ್ಮ ರಾಜುವಿನದು. ತೋಟ ಮೂರಾದರೂ ಬೋರ್‌ವೆಲ್ ಒಂದೇ. ದಿನಕ್ಕೊಬ್ಬರಂತೆ ಸರದಿಯ ಮೇಲೆ ನೀರು. ಮೊದಲೆಲ್ಲ ಬೋರಿನ ಹತ್ತಿರ ಮೂರು ಕಬ್ಬಿಣದ ಗೇಟ್‌ವಾಲ್ವ್‌ಗಳಿದ್ದವು. ಬೆಳಿಗ್ಗೆ ಎದ್ದು ಹೋಗಿ ಒಂದನ್ನು ತಿರುಗಿಸಿ ತೆರೆಯಬೇಕು, ಉಳಿದೆರಡನ್ನು ಮುಚ್ಚಬೇಕು. ಇದರಲ್ಲಿ ಜಗಳವೇನೂ ಇರಲಿಲ್ಲ. ಎಲ್ಲರೂ ಸುಖವಾಗಿದ್ದೆವು. ಇಂಥ ಕಡೆಯೇ ನನ್ನಂಥವನಿಗೆ ಏನಾದರೂ ಸುಧಾರಣೆ ಮಾಡಬೇಕು ಅನ್ನಿಸುವುದು.

ಒಂದು ಕೃಷಿ ಮೇಳದಲ್ಲಿ ಆ ಡಬ್ಬಿ ಕಂಡಿತು. ಗಾತ್ರದಲ್ಲಿ ಟಿಫನ್ ಬಾಕ್ಸಿಗಿಂತ ಸ್ವಲ್ಪ ದೊಡ್ಡದು, ಮುಂದೆ ಅಂಗೈಯಗಲದ ಒಂದು ಸ್ಕ್ರೀನು. ಇದು ಮನೆಯಲ್ಲಿದ್ದರೆ ತೋಟದ ವಾಲ್ವುಗಳು ತಾವೇ ತೆರೆದುಕೊಳ್ಳುತ್ತವೆ, ತಾವೇ ಮುಚ್ಚಿಕೊಳ್ಳುತ್ತವೆ. ಯಾರಿಗೆ ಯಾವತ್ತು ನೀರು ಎಂಬುದನ್ನು ಫೋನಿನಲ್ಲೇ ಒಂದು ಪೇಜು ತೆರೆದು ಬರೆದಿಟ್ಟರೆ ಸಾಕು. "ಇದು ಸರ್ವರ್ ಸಾರ್" ಎಂದ ಮಾರುವವನು. ನನಗೆ ರೋಮಾಂಚನವಾಯಿತು. ನಮ್ಮ ಕಡೆ ಸರ್ವರ್ ಎಂದರೆ ರೇಷನ್ ಅಂಗಡಿಯಲ್ಲಿ ಯಾವಾಗಲೂ ಇಲ್ಲದಿರುವ ವಸ್ತು. "ಸರ್ವರ್ ಇಲ್ಲ, ನಾಳೆ ಬಾರಮ್ಮ" ಎಂದು ಕಳಿಸುವುದನ್ನು ಎಷ್ಟು ಸಲ ಕೇಳಿಲ್ಲ! ಊರಿಗೇ ಸಿಗದ ಪದಾರ್ಥ ನಮ್ಮ ಮನೆಯಲ್ಲೇ ಇರುತ್ತದೆ ಎಂದುಕೊಂಡು ತಂದುಬಿಟ್ಟೆ. ವಾಲ್ವುಗಳನ್ನೂ ಹೊಸದಾಗಿ ಹಾಕಿಸಿದೆ. ಹಳೆಯ ಗೇಟ್‌ವಾಲ್ವ್‌ಗಳನ್ನು ಇನ್ನು ಯಾತಕ್ಕೆ ಬೇಕು ಎಂದು ಹಳೇ ಕಬ್ಬಿಣದವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಟಬ್ಬು ತೆಗೆದುಕೊಂಡೆ. ಆ ಟಬ್ಬು ಈಗಲೂ ಬಚ್ಚಲಲ್ಲಿದೆ. ಅದರ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಡಬ್ಬಿಯನ್ನು ಎತ್ತರದಲ್ಲಿಟ್ಟರೆ ತೋಟದವರೆಗೂ ಸಿಗ್ನಲ್ ಚೆನ್ನಾಗಿ ಹೋಗುತ್ತದೆ ಎಂದು ಹೇಳಿದ್ದರು. ನಮ್ಮ ಮನೆಯಲ್ಲಿ ಅಟ್ಟಕ್ಕಿಂತ ಎತ್ತರದ ಜಾಗವಿಲ್ಲ. ಈ ಸೀಮೆಯವರಿಗೆ ಅಟ್ಟದ ವಿಷಯ ಹೇಳಬೇಕಾಗಿಲ್ಲ, ಬೇರೆಯವರಿಗೆ ಒಂದು ಮಾತು. ಕೊಬ್ಬರಿಗೆಂದು ಇಳಿಸಿದ ಕಾಯನ್ನು ನಾವು ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುವವರೆಗೆ ಅದರ ತಂಟೆಗೆ ಹೋಗುವಂತಿಲ್ಲ. ನನ್ನ ಹೆಂಡತಿ ಗಿರಿಜೆಯ ತವರಿನಲ್ಲಿ ಈ ನಿಯಮ ಇನ್ನೂ ಬಿಗಿ. ಏರಿಸಿದ ಕಾಯಿ ಅಲ್ಲಾಡಿದರೆ ಗಿಟುಕು, ಅಂದರೆ ಒಳಗಿನ ಉಂಡೆ ಕೊಬ್ಬರಿ, ಕೆಡುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಾರೆ. ಹಾಗಾಗಿ ಅಟ್ಟ ತುಂಬಿದ ಮೇಲೆ ಅವಳು ಏಣಿಯನ್ನೇ ತೆಗೆಸಿ ಕೊಟ್ಟಿಗೆಗೆ ಕಳಿಸುತ್ತಾಳೆ. ನಾನು ಡಬ್ಬಿ ಇಟ್ಟ ವಾರ ಅಟ್ಟ ಖಾಲಿಯಿತ್ತು. ತೋಟದ ಕಡೆಯ ಕೊನೇ ಮೂಲೆಗೆ ಹೋಗಿ, ಗೋಡೆಗೆ ಹಲಗೆ ಹೊಡೆದು, ಕರೆಂಟಿನ ವ್ಯವಸ್ಥೆಯನ್ನೂ ಮಾಡಿ ಠೀವಿಯಿಂದ ಇಳಿದು ಬಂದೆ. ಹದಿನೈದು ದಿನಕ್ಕೆ ಕಾಯಿ ಏರಿತು. ಮೂಲೆಯಿಂದ ಮೂಲೆಗೆ, ಅಟ್ಟದ ಬಾಯಿಯವರೆಗೆ ಕಾಯಿ. ಏಣಿ ಕೊಟ್ಟಿಗೆಗೆ ಹೋಯಿತು. ಡಬ್ಬಿ ಕಾಯಿರಾಶಿಯ ಹಿಂದೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಾನು ಕೆಳಗೆ ಜಗಲಿಯಲ್ಲಿ ಫೋನ್ ಹಿಡಿದು ಮೂರು ತೋಟಕ್ಕೂ ನೀರು ಬಿಡುತ್ತಿದ್ದೆ. ನಾಲ್ಕು ತಿಂಗಳು ಯಾವ ತಕರಾರೂ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಪೇಜಿನ ಮೇಲೆ ಒಂದು ಚೌಕ ಬಂತು. ಹೊಸ ಅಪ್‌ಡೇಟ್ ಇದೆ, ಹಾಕಿಕೊಳ್ಳಲೇ ಎಂದು ಕೇಳುತ್ತಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಮೂರು ಪ್ಯಾರಾ ಏನೇನೋ ಇತ್ತು. ಅದನ್ನೆಲ್ಲ ಓದುವವರು ಯಾರು? ಓದಿದ್ದೇನೆ, ಒಪ್ಪಿದ್ದೇನೆ ಎಂದು ಒತ್ತಿದೆ. ಒಂದು ಚಕ್ರ ತಿರುಗಿತು. ಆಮೇಲೆ ಪೇಜು ಮಾಯವಾಯಿತು. ಮತ್ತೆ ತೆರೆದರೆ, ಈ ತಾಣವನ್ನು ತಲುಪಲಾಗುತ್ತಿಲ್ಲ ಎಂಬ ಒಂದೇ ಸಾಲು. ಇನ್ನೊಂದು ಸಲ ತೆರೆದೆ, ಅದೇ ಸಾಲು. "ಏನ್ರೀ ಅದು, ಆಗ್ಲಿಂದ ತಿಕ್ತಾ ಇದ್ದೀರಾ?" ಎಂದಳು ಗಿರಿಜೆ. "ಏನಿಲ್ಲ, ಬರುತ್ತೆ" ಎಂದೆ.

ಬರಲಿಲ್ಲ. ಫೋನನ್ನು ಆಫ್ ಮಾಡಿ ಆನ್ ಮಾಡಿದೆ. ವೈಫೈ ಡಬ್ಬಿಯ ಪ್ಲಗ್ಗು ಕಿತ್ತು, ಹತ್ತು ಎಣಿಸಿ ಮತ್ತೆ ಸಿಕ್ಕಿಸಿದೆ. ಹತ್ತು ಸಾಲದೇನೋ ಎಂದು ಇಪ್ಪತ್ತು ಎಣಿಸಿದೆ. ಗಿರಿಜೆಯ ಮಿಕ್ಸಿ ತಿರುಗುತ್ತಿರುವಾಗಲೇ ಮೇನ್ ಸ್ವಿಚ್ಚನ್ನು ಇಳಿಸಿ ಬೈಸಿಕೊಂಡೆ. ಪೇಜಿನ ವಿಳಾಸವನ್ನು ನಾನು ಜಗಲಿಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ, ನೂರ ತೊಂಬತ್ತೆರಡು ಚುಕ್ಕಿ, ನೂರ ಅರವತ್ತೆಂಟು ಚುಕ್ಕಿ, ಹೀಗೆ ಒಂದು ಉದ್ದ ಸಂಖ್ಯೆ. ಅದನ್ನು ಅಂಕಿ ಅಂಕಿ ನೋಡಿ ಹೊಡೆದೆ. ಗಿರಿಜೆಯ ಫೋನಿನಲ್ಲಿ ಹೊಡೆದೆ. ಜಗಲಿಯಲ್ಲಿ ನಿಂತು ಹೊಡೆದದ್ದು ಸಾಲದೆ ಹಿತ್ತಲಿಗೆ ಹೋಗಿ ಹೊಡೆದೆ. ಅಲ್ಲಿಗೆ ಯಾಕೆ ಹೋದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ನಮ್ಮ ತೋಟಕ್ಕೆ ನೀರು ಬಂತು. ಆವತ್ತು ನಮ್ಮ ಸರದಿಯೇ. ಪೇಜು ಹೋದರೇನು, ಸರ್ವರ್ ಚೆನ್ನಾಗಿದೆ ಎಂದು ಸಮಾಧಾನವಾಯಿತು. ಬುಧವಾರ ಶಾಂತಕ್ಕನ ಸರದಿ. ಬೆಳಿಗ್ಗೆ ಆರಕ್ಕೆ ನೀರು ಬಂತು, ಮತ್ತೆ ನಮ್ಮ ತೋಟಕ್ಕೇ. ಗುರುವಾರವೂ ನಮಗೇ. ನನಗೆ ತಲೆ ಕೆಟ್ಟಿತು. ನಿಲ್ಲಿಸೋಣವೆಂದರೆ ಪೇಜಿಲ್ಲ. ಡಬ್ಬಿಯ ಕರೆಂಟು ತೆಗೆದರೆ ವಾಲ್ವುಗಳೆಲ್ಲ ಮುಚ್ಚಿಕೊಂಡು ಯಾರಿಗೂ ನೀರಿಲ್ಲ. ಕೈಯಿಂದ ತಿರುಗಿಸೋಣವೆಂದರೆ ಗೇಟ್‌ವಾಲ್ವ್‌ಗಳು ಟಬ್ಬಾಗಿವೆ. ಪ್ಲಂಬರಿಗೆ ಫೋನ್ ಮಾಡಿದೆ. ಅವನು ಹುಳಿಯಾರಿನ ಕಡೆ ಯಾವುದೋ ಮದುವೆಗೆ ಹೋಗಿದ್ದ. "ಸೋಮವಾರ ಬತ್ತೀನಿ ಸಾರ್" ಎಂದ, ಯಾವ ಸೋಮವಾರ ಎನ್ನಲಿಲ್ಲ.

ರಾಜುವಿನ ತೋಟದ್ದು ಹಳೆಯ ಮರಗಳು, ವಾರ ನೀರಿಲ್ಲದಿದ್ದರೂ ತಡೆದುಕೊಳ್ಳುತ್ತವೆ. ಶಾಂತಕ್ಕನದು ಹಾಗಲ್ಲ. ಅವಳು ಮುದಿಮರಗಳನ್ನು ತೆಗೆಸಿ, ತನ್ನ ಮನೆಯ ಹಿಂದಿನ ಒಂದು ಒಳ್ಳೇ ಮರದ ಕಾಯನ್ನೇ ಮೊಳಕೆ ಬರಿಸಿ, ನಲವತ್ತು ಸಸಿ ನೆಟ್ಟು ತಿಂಗಳಾಗಿತ್ತಷ್ಟೆ. ಒಂದೊಂದಕ್ಕೂ ಗರಿಯ ಮರೆ ಕಟ್ಟಿದ್ದಳು. ಬಿಸಿಲು ಬೆಂಕಿಯಂತೆ ಕಾಯುತ್ತಿತ್ತು. ಗುರುವಾರ ಬೆಳಿಗ್ಗೆ ನೋಡುತ್ತೇನೆ, ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು ಬಿಂದಿಗೆ ಹಿಡಿದು ಶಾಂತಕ್ಕ ನಮ್ಮ ತೊಟ್ಟಿಯಿಂದ ತನ್ನ ತೋಟಕ್ಕೆ ನೀರು ಹೊರುತ್ತಿದ್ದಾಳೆ. ಅವಳು ಹೊರುತ್ತಿರುವ ದಾರಿಯ ಪಕ್ಕದಲ್ಲೇ ನಮ್ಮ ಮರಗಳ ಬುಡ ಕೆಸರಾಗಿ ಕಪ್ಪೆ ವಟಗುಟ್ಟುತ್ತಿದೆ.

"ಏನ್ಲಾ ಸದಾಶಿವ, ನೀರು ನಿಂಗೇ ಬತ್ತಾ ಐತಲ್ಲ ದಿನಾ?" ಎಂದಳು. ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಸರ್ವರ್‌ದು ಏನೋ ಸಮಸ್ಯೆ ಅಕ್ಕ. ಅಪ್‌ಡೇಟ್ ಆಯ್ತು ನೋಡು, ಪೇಜು ತೆಗೀತಾ ಇಲ್ಲ. ಬರುತ್ತೆ."

"ಪೇಜು ಬರದಿದ್ರೂ ನಿಂಗ್ ನೀರ್ ಬತ್ತದಾ?"

ಅವಳು ಕೊಡ ಎತ್ತಿಕೊಂಡು ಹೋದಳು. ನಮ್ಮ ಮನೆಯ ಪೈಪು ಎಳೆದುಕೊಂಡು ಹಿಂದೆಯೇ ಓಡಿದೆ. ಅದು ಬೇಲಿಯವರೆಗೆ ಬಂದು ಮುಗಿದುಹೋಯಿತು. ಆಮೇಲೆ ನಾನೂ ಎರಡು ಬಿಂದಿಗೆ ಹಿಡಿದು ಅವಳ ಹಿಂದೆ ನಾಲ್ಕು ಸಲ ಓಡಾಡಿದೆ. ಐದನೆಯ ಸಲಕ್ಕೆ ಸೊಂಟ ಹಿಡಿದುಕೊಂಡಿತು. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಶಾಂತಕ್ಕ "ನೀನ್ ಕೂತ್ಕೋ ಬುಡು, ನಿಂಗಾಗಕಿಲ್ಲ" ಎಂದು ನನ್ನ ಬಿಂದಿಗೆಯನ್ನೂ ಇಸಿದುಕೊಂಡಳು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಮೋಸ ಮಾಡಿ ಸಿಕ್ಕಿಬಿದ್ದರೆ ನಾಚಿಕೆಗೊಂದು ಅರ್ಥವಿರುತ್ತದೆ. ನಾನು ಏನೂ ಮಾಡದೆಯೇ ಅಕ್ಕನ ನೀರು ಕುಡಿಯುತ್ತಿದ್ದೆ, ಅದೂ ಯಾಕೆಂದು ತಿಳಿಯದೆ.

ಶುಕ್ರವಾರ ತಿಪಟೂರಿನಿಂದ ಮಂಜುನಾಥನನ್ನು ಕರೆಸಿದೆ. ಪ್ರಿಂಟರು ರಿಪೇರಿ ಮಾಡುವ, ದಪ್ಪ ಕನ್ನಡಕದ, ನಡುವಯಸ್ಸಿನ ನಿಧಾನಸ್ಥ. ಲ್ಯಾಪ್‌ಟಾಪು ತೆರೆದು ಕಪ್ಪು ಪರದೆಯ ಮೇಲೆ ಏನೋ ಹೊಡೆದ. "ಸರ್ವರ್ ಬದುಕಿದೆ ಸಾರ್. ಕೂಗಿದ್ರೆ ಓ ಅಂತದೆ" ಎಂದ. ಹಾಗಾದರೆ ಪೇಜು ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅಡುಗೆಮನೆಯಿಂದ ಗಿರಿಜೆ ಏನನ್ನೋ ಕೇಳಿದಾಗ ನಾನು ಕೂತಲ್ಲಿಂದಲೇ ಓ ಎನ್ನುತ್ತೇನೆ, ಎದ್ದು ಹೋಗುವುದಿಲ್ಲ, ಅಂಥದ್ದೇ ಏನಾದರೂ ಇರಬಹುದೇ ಎಂದೂ ಕೇಳಿದೆ. ಮಂಜುನಾಥ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಪೋರ್ಟ್ ಬದಲಾಗಿರ್ತದೆ ಸಾರ್. ಮನೆ ಅದೇ, ಬಾಗ್ಲು ಬೇರೆ. ನೀವು ಹಳೇ ಬಾಗ್ಲು ತಟ್ತಾ ಇದ್ದೀರಿ. ಬಸ್ ಸ್ಟ್ಯಾಂಡಲ್ಲಿದ್ದೋರು ನೀವು, ಪ್ಲಾಟ್‌ಫಾರಂ ಬದಲಾದ ಹಂಗೆ ಅಂದ್ಕೊಳ್ಳಿ" ಎಂದ.

ಪ್ಲಾಟ್‌ಫಾರಂ ಎಂದ ಕೂಡಲೇ ನನಗೆ ಒಂದು ಹಳೆಯ ಸಂಗತಿ ನೆನಪಾಯಿತು. ನಾನು ಕೆಲಸದಲ್ಲಿದ್ದಾಗ ಒಂದು ಸಲ ಚಿಕ್ಕನಾಯಕನಹಳ್ಳಿ ಬಸ್ಸನ್ನು ಎರಡನೇ ಪ್ಲಾಟ್‌ಫಾರಂನಿಂದ ಐದಕ್ಕೆ ಬದಲಾಯಿಸಿದ್ದರು. ಆ ವಿಷಯವನ್ನು ನಾನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೆ, ಆದರೆ ನನಗೆ ಮರೆಯದಿರಲಿ ಎಂದು ನನ್ನ ಕೋಣೆಯ ಒಳಗೋಡೆಗೆ. ಆವತ್ತು ಶಾಂತಕ್ಕ ಮಗಳ ಮನೆಗೆ ಹೋಗಲು ಒಬ್ಬಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಎರಡರಲ್ಲೇ ಕೂತಿದ್ದಳು. ಮೂರು ಸಲ ಕಿಟಕಿಗೆ ಬಂದು ಕೇಳಿದಳು. ಪುಸ್ತಕ ಬರೆಯುತ್ತಿದ್ದ ನಾನು ಮೂರು ಸಲವೂ "ಬರುತ್ತೆ ಅಕ್ಕ" ಎಂದೆ. ಬಸ್ಸು ಬಂತು, ಐದಕ್ಕೆ ಬಂತು, ಐದರಿಂದಲೇ ಹೋಯಿತು. ಅವಳು ಸಂಜೆ ಒಬ್ಬಟ್ಟನ್ನು ಆಗ ತಿಪಟೂರಿನಲ್ಲಿದ್ದ ನಮ್ಮ ಮನೆಗೇ ಕೊಟ್ಟು ಊರಿಗೆ ವಾಪಸ್ಸು ಹೋದಳು. ಆ ಒಬ್ಬಟ್ಟು ಚೆನ್ನಾಗಿತ್ತು ಎಂಬುದೂ ಜ್ಞಾಪಕವಿದೆ.

"ಹೊಸಾ ನಂಬರ್ ಡಬ್ಬಿ ಸ್ಕ್ರೀನ್ ಮೇಲೇ ಬಂದಿರ್ತದೆ. ಡಬ್ಬಿ ತೋರ್ಸಿ" ಎಂದ ಮಂಜುನಾಥ. ನಾನು ಮೇಲೆ ತೋರಿಸಿದೆ. ಅವನು ಅಟ್ಟದ ಬಾಯಿಯಿಂದ ಹೊರಗೆ ಇಣುಕುತ್ತಿದ್ದ ಕಾಯಿಗಳನ್ನು ಸ್ವಲ್ಪ ಹೊತ್ತು ನೋಡಿದ. ಅವನೂ ಈ ಸೀಮೆಯವನೇ. "ಕೊಬ್ಬರಿ ಯಾವಾಗ ಇಳಿಸ್ತೀರಿ?" ಎಂದಷ್ಟೇ ಕೇಳಿದ. ಇನ್ನು ಏಳೆಂಟು ತಿಂಗಳು ಎಂದೆ. "ಆವಾಗ ನೋಡ್ಕೊಂಡ್ರಾಯ್ತು" ಎಂದು ಲ್ಯಾಪ್‌ಟಾಪು ಮುಚ್ಚಿ ಕಾಫಿ ಕುಡಿದು ಹೊರಟುಹೋದ.

ಏಣಿಯ ಮಾತೆತ್ತಿದ್ದಕ್ಕೆ ಗಿರಿಜೆ ಕೆಂಡವಾದಳು. "ಯಾರಾದ್ರೂ ಕಾಯಿ ಏರ್ಸೋ ಅಟ್ಟದಲ್ಲಿ ಆ ಸಾಮಾನು ಇಡ್ತಾರೇನ್ರೀ? ಈಗ ನೀರು ಇಂಗೋ ಹೊತ್ತು. ಒಂದು ಕಾಯಿ ಮುಟ್ಟಂಗಿಲ್ಲ" ಎಂದಳು. ನಾನು ಇಡುವಾಗ ಅವಳೇ ಏಣಿ ಹಿಡಿದುಕೊಂಡಿದ್ದಳು. ಅದನ್ನು ಜ್ಞಾಪಿಸುವ ಸಮಯ ಅದಲ್ಲ ಎನ್ನಿಸಿ ಸುಮ್ಮನಾದೆ. ಇಷ್ಟು ವಯಸ್ಸಾದ ಮೇಲೆ ನಾನು ಕಲಿತದ್ದು ಇದೊಂದೇ.

ಶನಿವಾರ ಬೆಳಿಗ್ಗೆ ಗಿರಿಜೆ ಬಾಗಿಲಿಗೆ ನೀರು ಹಾಕಲು ಹೋದವಳು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಚೆಂಬು ಹಿಡಿದು ನಿಂತಿದ್ದಾಳೆ. ಆಚೆ ಶಾಂತಕ್ಕ ಕೊಡ ಇಳಿಸಿ, ಒಂದು ಸಸಿಯ ಗರಿ ಸರಿಸಿ, ಬಾಡಿದ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮತ್ತೆ ಗರಿ ಮುಚ್ಚಿ, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಎದ್ದಳು. ಗಿರಿಜೆ ಒಳಗೆ ಬಂದು ಸೆರಗು ಸಿಕ್ಕಿಸಿದಳು. "ಏಣಿ ತಗೊಂಡ್ ಬನ್ರಿ. ಗಿಟುಕು ಕೆಟ್ರೆ ಕೆಡ್ಲಿ. ಆ ಸಸಿ ಒಣಗಿದ್ರೆ ಶಾಂತಕ್ಕನ ಮುಖ ಹೆಂಗ್ರೀ ನೋಡೋದು?" ಎಂದಳು. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ಅವಳು ಅಟ್ಟದ ನಿಯಮ ಮುರಿದದ್ದು ಅದೇ ಮೊದಲು. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು. ಏಣಿ ತಂದೆ.

ಶಾಂತಕ್ಕನನ್ನೂ ಕರೆದೆವು. ನಾನು ಅಟ್ಟದಲ್ಲಿ ಕೂತು ಒಂದೊಂದೇ ಕಾಯನ್ನು ಎತ್ತಿ ಕೊಡುವುದು, ಏಣಿಯ ಮೇಲಿನ ಗಿರಿಜೆ ಇಸಿದುಕೊಳ್ಳುವುದು, ಕೆಳಗೆ ಶಾಂತಕ್ಕ ಗೋಣಿಚೀಲದ ಮೇಲೆ ಇಡುವುದು. "ಮೆತ್ಗೆ, ಮೆತ್ಗೆ" ಎಂದು ಗಿರಿಜೆ ಹೇಳುತ್ತಲೇ ಇದ್ದಳು, ಕಾಯಿಗಳು ನಿದ್ದೆ ಮಾಡುತ್ತಿವೆಯೇನೋ ಎಂಬಂತೆ. ಶಾಂತಕ್ಕ ಅಭ್ಯಾಸಬಲದಿಂದ ಒಂದೊಂದನ್ನೂ ನೀರು ಇಂಗಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲು ಹೋಗುವುದು, ಗಿರಿಜೆ "ಶಾಂತಕ್ಕಾ!" ಎಂದು ಕಿರುಚುವುದು, ಅವಳು ನಾಲಿಗೆ ಕಚ್ಚಿಕೊಂಡು ಕೆಳಗಿಡುವುದು. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಮನುಷ್ಯ ತೆವಳುವಷ್ಟು ದಾರಿಯಾಯಿತು. ತೆವಳಿದೆ. ಧೂಳು, ಜೇಡರ ಬಲೆ, ಇಲಿ ಕಚ್ಚಿದ ನಾರು. ಕೊನೆಯ ಮೂಲೆಯಲ್ಲಿ ಡಬ್ಬಿಯ ಸ್ಕ್ರೀನು ಹಸಿರಾಗಿ ಹೊಳೆಯುತ್ತಿತ್ತು.

ಅದರ ಮೇಲೆ ಎಲ್ಲವೂ ಬರೆದಿತ್ತು. ಅಪ್‌ಡೇಟ್ ಮುಗಿದಿದೆ, ಪೇಜಿನ ಹೊಸ ವಿಳಾಸ ಇದು, ನೀವು ಸರದಿ ಪಟ್ಟಿಯನ್ನು ಇನ್ನೊಮ್ಮೆ ಖಚಿತಪಡಿಸುವವರೆಗೆ ಪಟ್ಟಿಯ ಮೊದಲ ಹೆಸರಿಗೆ ಮಾತ್ರ ನೀರು ಬಿಡಲಾಗುತ್ತದೆ. ಹಳೆಯ ವಿಳಾಸವೇ, ಕೊನೆಯಲ್ಲಿ ನಾಲ್ಕು ಅಂಕಿ ಹೆಚ್ಚು. ಐದು ದಿನದಿಂದ ಆ ಡಬ್ಬಿ ಇದನ್ನೇ ಕಾಯಿಗಳಿಗೆ ತೋರಿಸಿಕೊಂಡು ಕೂತಿತ್ತು. ನಾನು ಅಟ್ಟದಿಂದಲೇ ಗಟ್ಟಿಯಾಗಿ ಓದಿ ಹೇಳಿದೆ. ಕೆಳಗಿನಿಂದ ಶಾಂತಕ್ಕನ ದನಿ ಬಂತು: "ಒಳಗೇ ಬರ್ಕೊಂಡು ಒಳಗೇ ಕೂತಿತ್ತಾ? ನಿನ್ ತರಾನೇ ಬುಡು. ಎರಡ್ನೇ ಪ್ಲಾಟ್‌ಫಾರಮ್ಮಲ್ಲಿ ಕೂರ್ಸಿದ್ಯಲ್ಲ ನನ್ನ!" ಇಷ್ಟು ವರ್ಷ ಅವಳು ಆ ಮಾತೆತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ.

ಇಳಿದು ಬಂದು, ಮೈಯ ಧೂಳನ್ನೂ ಕೊಡವದೆ ಹೊಸ ವಿಳಾಸ ಹೊಡೆದೆ. ಪೇಜು ಬಂತು! ಮೂವರೂ ಫೋನಿನ ಮೇಲೆ ಬಾಗಿದೆವು. ಪಟ್ಟಿಯನ್ನು ನಾನೇ ಕನ್ನಡದಲ್ಲಿ ಬರೆದಿದ್ದರಿಂದ ಶಾಂತಕ್ಕ ಕಣ್ಣು ಕಿರಿದು ಮಾಡಿಕೊಂಡು ಓದಿದಳು. "ಒಂದು, ಶ್ರೀ ಸದಾಶಿವಯ್ಯನವರು. ಎರಡು, ಶಾಂತ. ಮೂರು, ರಾಜು." ಗಿರಿಜೆ ನನ್ನನ್ನು ನೋಡಿದಳು. ಡಬ್ಬಿ ತಂದವನು ನಾನು, ಅಂದಮೇಲೆ ನನ್ನ ಹೆಸರು ಮೊದಲಿದ್ದರೆ ಏನು ತಪ್ಪು ಎಂದು ಆವತ್ತು ಅನ್ನಿಸಿತ್ತು. ಹಿಂದೆ ಮುಂದೆ ಮರ್ಯಾದೆ ಸೇರಿಸಿಕೊಂಡದ್ದು ಯಾಕೆ ಎಂದು ಮಾತ್ರ ಈಗ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. "ಅದುಕ್ಕೂ ಎಲ್ಲಾ ಮರ್ತೋದಾಗ ದೊಡ್ಡೋರ ಹೆಸ್ರು ಒಂದೇ ನೆಪ್ಪಿರೋದು" ಎಂದಳು ಶಾಂತಕ್ಕ, ನಗುತ್ತಲೇ.

ಅಲ್ಲೇ ನಿಂತು ಪಟ್ಟಿ ತಿದ್ದಿದೆ. ಒಂದು, ಶಾಂತಮ್ಮನವರು. ಎರಡು, ರಾಜು. ಮೂರು, ಸದಾಶಿವ. ಖಚಿತಪಡಿಸಿದೆ. ಶಾಂತಕ್ಕನ ತೋಟದ ಕಡೆಯಿಂದ ಪೈಪುಗಳು ಬುಸುಗುಟ್ಟುವ ಸದ್ದು ಕೇಳಿತು, ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ನಲವತ್ತರಲ್ಲಿ ಎರಡು ಸಸಿ ಹೋಯಿತು, ಉಳಿದವು ಚೇತರಿಸಿಕೊಂಡವು. ಆ ಎರಡರ ಜಾಗಕ್ಕೆ ನಾನು ಬೇರೆ ಸಸಿ ತಂದು ನೆಟ್ಟುಕೊಟ್ಟೆ. ಹೊಸ ವಿಳಾಸವನ್ನು ಸುಣ್ಣದಲ್ಲಿ ಜಗಲಿಯ ಹೊರಗೋಡೆಯ ಮೇಲೆ ದಾರಿಹೋಕರಿಗೂ ಕಾಣುವಂತೆ ಬರೆದಿದ್ದೇನೆ. ಇಳಿಸಿದ ಕಾಯನ್ನು ಮತ್ತೆ ಏರಿಸುವ ಮುಂಚೆ ಗಿರಿಜೆ ಒಂದೊಂದಕ್ಕೂ ಸುಣ್ಣದ ಬೊಟ್ಟು ಇಟ್ಟಳು. ಕೊಬ್ಬರಿ ಒಡೆಯುವಾಗ ಬೊಟ್ಟಿನ ಕಾಯಲ್ಲಿ ಎಷ್ಟು ಕೆಟ್ಟಿದ್ದರೂ ಅದು ನನ್ನ ಲೆಕ್ಕಕ್ಕಂತೆ.

ಇದಾಗಿ ಎರಡು ತಿಂಗಳಾಯಿತು. ಮೊನ್ನೆ ಪೇಜಿನ ಮೇಲೆ ಮತ್ತೆ ಆ ಚೌಕ ಬಂದಿದೆ. ಹೊಸ ಅಪ್‌ಡೇಟ್ ಇದೆ, ಹಾಕಿಕೊಳ್ಳಲೇ? ಈ ಸಲ ಮೂರು ಪ್ಯಾರಾವನ್ನೂ ಕನ್ನಡಕ ಹಾಕಿಕೊಂಡು ಓದಿದೆ. ಅಪ್‌ಡೇಟ್ ಆದ ಮೇಲೆ ವಿಳಾಸ ಬದಲಾಗಬಹುದು, ಹೊಸದು ಡಬ್ಬಿಯ ಸ್ಕ್ರೀನಿನ ಮೇಲೆ ಬರುತ್ತದೆ, ಅಲ್ಲಿಯವರೆಗೆ ಪಟ್ಟಿಯ ಮೊದಲ ಹೆಸರಿಗೆ ಮಾತ್ರ ನೀರು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹಿಂದಿನ ಸಲವೂ ಇದನ್ನೇ ಬರೆದಿದ್ದರೋ ಏನೋ. ನಾನು "ಆಮೇಲೆ" ಎಂಬುದನ್ನು ಒತ್ತಿದೆ. ದಿನಾ ಕೇಳುತ್ತದೆ, ದಿನಾ "ಆಮೇಲೆ" ಒತ್ತುತ್ತೇನೆ. ಗಿರಿಜೆ ಈ ಸುದ್ದಿಯನ್ನು ಬೇಲಿ ದಾಟಿಸಿದ್ದಾಳೆ. ಈಗ ಪ್ರತಿದಿನ ಬೆಳಿಗ್ಗೆ ಶಾಂತಕ್ಕ ಬಂದು ನಮ್ಮ ಜಗಲಿಯ ಕಿಟಕಿಗೆ ಮುಖ ಇಟ್ಟು ಕೇಳುತ್ತಾಳೆ: "ಲೇ ಸದಾಶಿವ, ಅದೇನೋ ಅಪ್‌ಡೇಟು ಬಂದೈತಂತಲ್ಲ, ಒತ್ತಲಾ. ಒಂದೈದು ದಿನ ನನ್ ಸಸಿಗೂ ಚೆನ್ನಾಗಿ ನೀರಾಗ್ಲಿ. ನೀರ್ ಯಾವಾಗ್ಲಾ ಬತ್ತದೆ?"

ನಾನು ಪೇಪರಿನಿಂದ ತಲೆ ಎತ್ತದೆ ಹೇಳುತ್ತೇನೆ: "ಬರುತ್ತೆ ಅಕ್ಕ, ಬರುತ್ತೆ."